ಕಲ್ಯಾಣಿ ಉಳಿಯಿತು, ಕಾಲುವೆ ಹೋಯಿತು: ಒಂದು ರಸ್ತೆ ವಿಸ್ತರಣೆಯ ಪ್ರಕರಣ

ಒಂದು ಕಾಲಕ್ಕೆ ರಾಗಿ ಹೊಲಗಳ ನಡುವೆ ಇದ್ದು ಈಗ ಅಪಾರ್ಟ್‌ಮೆಂಟ್‌ಗಳ ನಡುವೆ ಸಿಕ್ಕಿಕೊಂಡಿರುವ, ಬೆಂಗಳೂರಿನ ಹೊರ ಅಂಚಿನ ಹಳ್ಳಿಯೊಂದರಲ್ಲಿ ನಡೆದ ರಸ್ತೆ ವಿಸ್ತರಣೆಯ ಪ್ರಕರಣ ಇದು. ಊರು, ಇಲಾಖೆ, ವ್ಯಕ್ತಿಗಳ ಹೆಸರು ಯಾವುದನ್ನೂ ಕೊಟ್ಟಿಲ್ಲ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾಮಗಾರಿ ಮುಗಿದ ಮೇಲೆ, ಮಳೆ ಬಂದರೂ ಕಲ್ಯಾಣಿಗೆ ನೀರು ಏಕೆ ಬರುತ್ತಿಲ್ಲ ಎಂದು ನೆಲದ ಏರಿಳಿತ ಅಳೆದು, ಮಟ್ಟ ಹಿಡಿದು ನೋಡಲು ಊರಿನವರು ನನ್ನನ್ನು ಕರೆಸಿದ್ದರು. ಹಾಗೆ ಹೋದವನು ಕಡತ, ಅಂದಾಜು ಪಟ್ಟಿ, ಮಹಜರುಗಳನ್ನು ಓದಿ, ಎರಡೂ ಕಡೆಯವರನ್ನು ಮಾತನಾಡಿಸಿ ಇದನ್ನು ಬರೆದಿದ್ದೇನೆ.

ಊರು ಮತ್ತು ರಸ್ತೆ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಿಗೆ ಒಂದು ಸಾಮಾನ್ಯ ಅಚ್ಚು ಇದೆ. ಎತ್ತರದಲ್ಲಿ ಗುಂಡುತೋಪು, ಇಳಿಜಾರಿನಲ್ಲಿ ಊರು, ತಗ್ಗಿನಲ್ಲಿ ಕೆರೆ. ಈ ಊರೂ ಹಾಗೆಯೇ ಇತ್ತು. ತೋಪಿನಲ್ಲಿ ಹುಣಸೆ, ನೇರಳೆ, ಹೊಂಗೆ, ಕೆಲವು ಮಾವಿನ ಮರಗಳು. ಅಲ್ಲಿ ಬಿದ್ದ ಮಳೆ ನೀರು ಒಂದು ಮೊಳ ಅಗಲದ ಕಿರುಗಾಲುವೆಯಲ್ಲಿ ಇಳಿದು, ರಸ್ತೆಯಡಿಯ ಕಲ್ಲು ಚಪ್ಪಡಿಯ ಮೋರಿ ದಾಟಿ, ಕಲ್ಯಾಣಿಗೆ ಸೇರುತ್ತಿತ್ತು. ಕಲ್ಯಾಣಿ ತುಂಬಿ ಹೆಚ್ಚಾದದ್ದು ಕೆರೆಗೆ ಹೋಗುತ್ತಿತ್ತು. ಕಲ್ಯಾಣಿಯ ಪಕ್ಕದಲ್ಲಿ ಅರಳಿ, ಬೇವು ಜೊತೆಯಾಗಿ ಬೆಳೆದ ಅಶ್ವತ್ಥಕಟ್ಟೆ, ಅದರ ಮೇಲೆ ನಾಗರಕಲ್ಲುಗಳು. ಕಟ್ಟೆಯ ಹಿಂದೆ ಅರ್ಧ ಹೂತುಹೋಗಿದ್ದ ಒಂದು ವೀರಗಲ್ಲು. ಊರಿನವರು ಅದನ್ನು ವೀರಪ್ಪ ಎಂದು ಕರೆದು, ಯುಗಾದಿಯ ದಿನ ಎಣ್ಣೆ ಹಚ್ಚಿ ಕುಂಕುಮ ಇಡುತ್ತಿದ್ದರು.

ಇವೆಲ್ಲದರ ನಡುವೆ ಹಾದುಹೋಗುತ್ತಿದ್ದ ಗಾಡಿ ದಾರಿಯೇ ಈಗಿನ ರಸ್ತೆ. ಎರಡು ದೊಡ್ಡ ರಸ್ತೆಗಳನ್ನು ಸೇರಿಸುವ ಅಡ್ಡದಾರಿಯಾದ್ದರಿಂದ ನಗರ ಬೆಳೆದಂತೆ ವಾಹನಗಳೆಲ್ಲ ಇತ್ತ ತಿರುಗಿದವು. ಅಗಲ ಎಂಟು ಮೀಟರ್ ಇದ್ದರೆ ಹೆಚ್ಚು. ಬೆಳಗಿನ ಹೊತ್ತು ಕಟ್ಟೆಯ ತಿರುವಿನಲ್ಲಿ ಬಸ್ಸಿಗೆ ಬಸ್ಸು ಎದುರಾದರೆ ಮುಗಿಯಿತು, ಹಿಂದೆ ಸರಿಯುವುದಕ್ಕೂ ಜಾಗವಿರಲಿಲ್ಲ. ನಗರದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಇದು 24 ಮೀಟರ್ ರಸ್ತೆ ಎಂದು ಬಹಳ ಹಿಂದೆಯೇ ಗುರುತಾಗಿತ್ತು. ಹಣ ಬಿಡುಗಡೆಯಾದಾಗ ಭೂಮಾಪಕರು ಬಂದು ಗೋಡೆಗಳ ಮೇಲೆ, ಮರಗಳ ಮೇಲೆ ಕೆಂಪು ಬಣ್ಣದ ಗುರುತು ಹಾಕಿದರು. ಒಂದು ಗುರುತು ಕಟ್ಟೆಯ ಮೇಲೆ ಬಿತ್ತು, ಇನ್ನೊಂದು ಕಲ್ಯಾಣಿಯ ಮೆಟ್ಟಿಲಿನ ಮೇಲೆ.

ಕಾನೂನಿನ ಕಣ್ಣಿಗೆ ಬೀಳದ ವಸ್ತುಗಳು

ಊರಿನವರು ಮೊದಲು ಕೇಳಿದ ಪ್ರಶ್ನೆ, "ಇಷ್ಟು ಹಳೆಯದನ್ನು ಮುಟ್ಟುವುದಕ್ಕೆ ಕಾನೂನು ಬಿಡುತ್ತದೆಯೇ?" ಬಿಡುತ್ತದೆ. ಪ್ರಾಚೀನ ಸ್ಮಾರಕಗಳಿಗೆ ಕೇಂದ್ರದ 1958ರ ಕಾಯ್ದೆ ಇದೆ, ರಾಜ್ಯದ 1961ರ ಕಾಯ್ದೆ ಇದೆ. ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಆದರೆ ಈ ರಕ್ಷಣೆ ಸಿಗುವುದು ಸರ್ಕಾರ ಅಧಿಸೂಚನೆ ಹೊರಡಿಸಿ ಸಂರಕ್ಷಿತ ಎಂದು ಘೋಷಿಸಿದ ಸ್ಮಾರಕಕ್ಕೆ ಮಾತ್ರ. ಊರಿನ ಕಲ್ಯಾಣಿ, ಕಟ್ಟೆ, ಬೀದಿಬದಿಯ ವೀರಗಲ್ಲು ಆ ಪಟ್ಟಿಗೆ ಸೇರುವುದು ಅಪರೂಪ.

ಕಲ್ಲಿನ ಮೇಲೆ ಅಕ್ಷರವಿದ್ದಿದ್ದರೆ ಮಾತು ಬೇರೆಯಾಗುತ್ತಿತ್ತೋ ಏನೋ. ಶಾಸನತಜ್ಞ ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ದಾಖಲಾದ ಕಲ್ಲಿಗೆ ಕನಿಷ್ಠ ಒಂದು ಸಂಖ್ಯೆ ಇರುತ್ತದೆ, ಅರ್ಜಿಯಲ್ಲಿ ಬರೆಯುವುದಕ್ಕೆ ಬರುತ್ತದೆ. ಬೇಗೂರಿನ ಸುಮಾರು ಕ್ರಿ.ಶ. 890ರ ಕಲ್ಲಿನಲ್ಲಿ 'ಬೆಂಗಳೂರು ಕಾಳಗ'ದ ಉಲ್ಲೇಖವಿರುವುದರಿಂದಲೇ ಅದು ಪಠ್ಯಪುಸ್ತಕದವರೆಗೂ ಹೋಯಿತು. ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿತ್ತಯ್ಯನ ಕಲ್ಲನ್ನು 2017ರಲ್ಲಿ ಆಸಕ್ತರು ಉಳಿಸಿಕೊಳ್ಳುವುದಕ್ಕೂ ಅದರ ಬರಹವೇ ಆಸರೆಯಾಯಿತು. ಈ ಊರಿನ ಕಲ್ಲಿನಲ್ಲಿ ಒಂದಕ್ಷರವೂ ಇರಲಿಲ್ಲ. ಯಾರೋ ಸತ್ತರು, ಯಾರೋ ಕಲ್ಲು ನಿಲ್ಲಿಸಿದರು, ಅಷ್ಟೇ.

ನೀರಿನ ವಿಷಯದಲ್ಲೂ ಇದೇ ಬಿಕ್ಕಟ್ಟು. ಪರಿಷ್ಕೃತ ಮಹಾಯೋಜನೆ 2015ರ ಪ್ರಕಾರ ಕೆರೆಗೆ 30 ಮೀಟರ್, ಮಳೆನೀರು ಸಾಗಿಸುವ ರಾಜಕಾಲುವೆಯ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಮೀಸಲು ಜಾಗ ಬಿಡಬೇಕು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಹೆಚ್ಚಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದುಪಡಿಸಿತು. ವಾದವೆಲ್ಲ ಎಷ್ಟು ಮೀಟರ್ ಎಂಬುದರ ಮೇಲೆ ನಡೆಯಿತು. ಆದರೆ ತೋಪಿನಿಂದ ಕಲ್ಯಾಣಿಗೆ ಬರುವ ಮೊಳ ಅಗಲದ ಕಾಲುವೆ ಈ ಮೂರು ದರ್ಜೆಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಎಷ್ಟೇ ಮೀಟರ್ ಎಂದು ತೀರ್ಮಾನವಾದರೂ ಅದರ ಪಾಲಿಗೆ ಸೊನ್ನೆಯೇ. ಪ್ರಕರಣದ ಗಂಟು ಇರುವುದು ಇಲ್ಲಿಯೇ.

ಬೇಡ ಎಂದವರು, ಬೇಕು ಎಂದವರು

ಮೊದಲು ಎದ್ದು ನಿಂತವರು ಹೊಸ ಅಪಾರ್ಟ್‌ಮೆಂಟ್‌ಗಳ ನಿವಾಸಿಗಳು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ 812 ಮರಗಳು ಹೋಗುತ್ತವೆ ಎಂದು ನಗರ ಬೀದಿಗಿಳಿದದ್ದು, 2017ರಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟದ್ದು ಅವರ ಮನಸ್ಸಿನಲ್ಲಿತ್ತು. ಅದೇ ಮಾದರಿಯಲ್ಲಿ ಮಾನವ ಸರಪಳಿ, ಫಲಕ, ಸಹಿ ಸಂಗ್ರಹ ನಡೆಯಿತು. ಊರಿನವರು ದೂರದಲ್ಲಿ ನಿಂತು ನೋಡಿದರು.

ಹಿಟ್ಟಿನ ಗಿರಣಿ ನಡೆಸುವ ಮಧ್ಯವಯಸ್ಸಿನ ಹೆಂಗಸೊಬ್ಬರು ಆ ದಿನ ಹೇಳಿದ ಮಾತನ್ನು ಹಲವರು ನನಗೆ ಹೇಳಿದರು. "ಅಲ್ಲಮ್ಮ, ರಸ್ತೆ ಬೇಡ ಅಂತ ನಾವು ಯಾವತ್ತು ಹೇಳಿದೆವು? ನನ್ನ ಸೊಸೆಗೆ ನೋವು ಬಂದಾಗ ಆಂಬುಲೆನ್ಸ್ ಇದೇ ತಿರುವಿನಲ್ಲಿ ಮುಕ್ಕಾಲು ಗಂಟೆ ನಿಂತಿತ್ತು. ರಸ್ತೆ ಆಗಲಿ, ಕಟ್ಟೆ ಇರಲಿ. ಎರಡೂ ಆಗುವ ದಾರಿ ಹೇಳಿ, ನಾನೂ ಬಂದು ಕೂರುತ್ತೇನೆ."

ನನ್ನ ಪ್ರಕಾರ ಪ್ರಕರಣದ ಮೊದಲ ತಿರುವು ಇದು. ಮೇಲ್ಸೇತುವೆಯನ್ನು ವಿರೋಧಿಸಿದವರಲ್ಲಿ ಅದಿಲ್ಲದೆ ಬದುಕು ನಡೆಯುವುದಿಲ್ಲ ಎನ್ನುವವರು ಕಡಿಮೆ ಇದ್ದರು. ಇಲ್ಲಿ ಕಟ್ಟೆಗೆ ಪ್ರದಕ್ಷಿಣೆ ಹಾಕುವವರೇ ರಸ್ತೆ ಬೇಕು ಎನ್ನುವವರೂ ಆಗಿದ್ದರು. ಎರಡು ವಾರಗಳ ಮಾತುಕತೆಯ ಬಳಿಕ ಊರಿನವರೂ ಅಪಾರ್ಟ್‌ಮೆಂಟಿನವರೂ ಸೇರಿ ಒಂದು ಸಮಿತಿ ಮಾಡಿಕೊಂಡರು. ಮನವಿಯ ಮೊದಲ ಸಾಲು "ರಸ್ತೆ ವಿಸ್ತರಣೆಗೆ ನಮ್ಮ ಒಪ್ಪಿಗೆ ಇದೆ" ಎಂದಾಯಿತು. ಆ ಸಾಲಿನಿಂದಾಗಿ ಅಧಿಕಾರಿಗಳ ಕೊಠಡಿಯಲ್ಲಿ ಕುರ್ಚಿ ಸಿಕ್ಕಿತು ಎಂದು ಸಮಿತಿಯ ಒಬ್ಬರು ನಕ್ಕರು.

ಮಾತುಕತೆಗೆ ಸಮಯ ಒದಗಿಸಿದ್ದು ಮಾತ್ರ ಮರಗಳು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರಗಳನ್ನು ತೆಗೆಯಬೇಕಾದರೆ ವೃಕ್ಷ ಅಧಿಕಾರಿ ಸಾರ್ವಜನಿಕ ಪ್ರಕಟಣೆ ನೀಡಿ ಆಕ್ಷೇಪಣೆ ಕರೆಯಬೇಕು. ಕಡತದಲ್ಲಿ ಈ ಒಂದೇ ರಸ್ತೆಯನ್ನು ಎರಡು ಹಂತದ ಕಾಮಗಾರಿ ಎಂದು ತೋರಿಸಲಾಗಿತ್ತು. ಪ್ರತಿ ಹಂತದಲ್ಲೂ ಮರಗಳ ಸಂಖ್ಯೆ ಐವತ್ತಕ್ಕೆ ತುಸು ಕೆಳಗೆ ನಿಂತಿತ್ತು. ಕಾಕತಾಳೀಯ ಎಂದು ನಂಬುವವರು ನಂಬಬಹುದು. ಸಮಿತಿ ಆರೋಪ ಮಾಡಲು ಹೋಗಲಿಲ್ಲ. ಎರಡೂ ಪಟ್ಟಿಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಟೈಪ್ ಮಾಡಿಸಿ, ಕೆಳಗೆ ಕೂಡಿಸಿ, ವೃಕ್ಷ ಅಧಿಕಾರಿಯ ಮುಂದೆ ಇಟ್ಟಿತು. ಒಟ್ಟಾಗಿ ಎಣಿಕೆ ಮಾಡಿ ಅಹವಾಲು ಕೇಳುವಂತೆ ಆದೇಶವಾಯಿತು. ಕಾಮಗಾರಿ ಕೆಲವು ತಿಂಗಳು ನಿಂತಿತು.

ಸರಿಸುವುದು, ತಳ್ಳುವುದು, ಕುಗ್ಗಿಸುವುದು

ಈ ಅವಧಿಯಲ್ಲಿ ಮೂರು ದಾರಿಗಳು ಚರ್ಚೆಗೆ ಬಂದವು.

ಎಲ್ಲವನ್ನೂ ಬೇರೆಡೆಗೆ ಸರಿಸೋಣ ಎಂದರು ಕಾಮಗಾರಿಯ ಕಡೆಯವರು. ಶ್ರೀರಂಗಪಟ್ಟಣದಲ್ಲಿ ರೈಲು ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಶಸ್ತ್ರಾಗಾರವನ್ನು 2017ರಲ್ಲಿ ಇಡೀ ಕಟ್ಟಡವಾಗಿಯೇ ಸುಮಾರು ನೂರು ಮೀಟರ್ ಸರಿಸಿದ್ದನ್ನು ಉದಾಹರಣೆ ಕೊಟ್ಟರು. ಊರಿನ ಯಜಮಾನರೊಬ್ಬರು ಶಾಂತವಾಗಿ ಕೇಳಿದರಂತೆ: "ಸ್ವಾಮಿ, ಕಲ್ಲನ್ನು ಎತ್ತುತ್ತೀರಿ, ಸರಿ. ಅರಳಿ ಮರವನ್ನೂ ಎತ್ತಬಹುದು. ಕಲ್ಯಾಣಿಯ ಒಳಗಿನ ನೀರಿನ ಸೆಲೆಯನ್ನು ಯಾವ ಲಾರಿಯಲ್ಲಿ ಹಾಕುತ್ತೀರಿ?" ಶಸ್ತ್ರಾಗಾರ ತನ್ನ ಗೋಡೆಗಳೊಳಗೆ ಮುಗಿಯುವ ಕಟ್ಟಡ. ಕಲ್ಯಾಣಿಯ ವ್ಯಾಪ್ತಿ ಅದಕ್ಕೆ ನೀರು ಕೊಡುವ ಇಳಿಜಾರಿನಷ್ಟು. ಪ್ರಸ್ತಾವ ಅಲ್ಲಿಗೇ ನಿಂತಿತು.

ರಸ್ತೆಯನ್ನು ಎದುರು ಬದಿಗೆ ತಳ್ಳುವುದು ಎರಡನೆಯ ದಾರಿ. ಕಟ್ಟೆಯ ಪರವಾಗಿದ್ದವರಿಗೆ ಇದು ಸಹಜವಾಗಿ ಇಷ್ಟವಾಯಿತು. ಆದರೆ ಎದುರು ಬದಿಯಲ್ಲಿ ಹನ್ನೆರಡು ಅಂಗಡಿಗಳಿದ್ದವು: ಸೈಕಲ್ ರಿಪೇರಿ, ಬೇಕರಿ, ದರ್ಜಿ, ಗಿರಣಿ. ನೆಲ ಬಿಟ್ಟುಕೊಡುವ ಮಾಲೀಕನಿಗೆ ಪರಿಹಾರವಾಗಿ ಸಿಗುವುದು ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು, ಅಂದರೆ ಬೇರೆಡೆ ಹೆಚ್ಚುವರಿಯಾಗಿ ಕಟ್ಟಲು ಬಳಸಬಹುದಾದ ಟಿಡಿಆರ್ ಪತ್ರ. ಅದನ್ನು ಮಾರಬೇಕು, ಕೊಳ್ಳುವವರು ಸಿಗಬೇಕು. ಬಾಡಿಗೆಗಿದ್ದವನಿಗೆ ಆ ಪತ್ರವೂ ಇಲ್ಲ. ಪರಂಪರೆಯ ಹೆಸರಿನಲ್ಲಿ ದರ್ಜಿಯ ಹೊಟ್ಟೆಯ ಮೇಲೆ ಹೊಡೆಯುವುದು ಸರಿಯೇ ಎಂಬ ಪ್ರಶ್ನೆಗೆ ಸಮಿತಿ ಎರಡು ಭಾಗವಾಯಿತು. ಒಂದು ಸಭೆಯಂತೂ ಕುರ್ಚಿಗಳನ್ನು ಎತ್ತುವ ಮಟ್ಟಕ್ಕೆ ಹೋಯಿತು. ಇಂತಹ ಜಗಳಗಳನ್ನು ಪ್ರಕರಣ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಮರೆಮಾಚುತ್ತಾರೆ, ನನಗೆ ಅದು ಸರಿ ಎನಿಸುವುದಿಲ್ಲ. ಪರಂಪರೆ ಉಳಿಸುವ ಖರ್ಚನ್ನು ಯಾರು ಹೊರಬೇಕು ಎಂಬುದನ್ನು ಬಾಯಿಬಿಟ್ಟು ಕೇಳಿದ್ದು ಆ ಸಭೆಯಲ್ಲಿ ಮಾತ್ರ.

ಮೂರನೆಯ ದಾರಿ ಬಂದದ್ದು ಇಲಾಖೆಯ ಒಳಗಿನಿಂದಲೇ. ಕೆಲಸಕ್ಕೆ ಸೇರಿ ಹೆಚ್ಚು ವರ್ಷವಾಗದ ಸಹಾಯಕ ಎಂಜಿನಿಯರ್ ಒಬ್ಬರು ಚಹಾ ಅಂಗಡಿಯ ಮುಂದೆ ನಿಂತು ಒಂದು ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದರು. ಆ ಕಾಗದ ಸಮಿತಿಯ ಕಡತದಲ್ಲಿ ಈಗಲೂ ಇದೆ, ಒಂದು ಕಡೆ ಗೃಹಪ್ರವೇಶದ ಮುಹೂರ್ತ, ಇನ್ನೊಂದು ಕಡೆ ರಸ್ತೆಯ ಅಡ್ಡಸೀಳು, ಅಂದರೆ ಅಗಲದಲ್ಲಿ ಯಾವುದಕ್ಕೆ ಎಷ್ಟು ಜಾಗ ಎಂಬ ಚಿತ್ರ. 24 ಮೀಟರ್‌ನಲ್ಲಿ 3.5 ಮೀಟರ್‌ನ ನಾಲ್ಕು ಪಥಗಳಿಗೆ 14, ವಿಭಜಕಕ್ಕೆ 1.5, ಎರಡೂ ಬದಿಯ ಪಾದಚಾರಿ ಮಾರ್ಗಕ್ಕೆ 5. ಉಳಿದ 3.5 ಮೀಟರ್ ವಾಹನ ನಿಲುಗಡೆಗೆ. ಕಟ್ಟೆ, ಕಲ್ಯಾಣಿ ಇರುವ ಸುಮಾರು 150 ಮೀಟರ್ ಉದ್ದಕ್ಕೆ ಮಾತ್ರ ನಿಲುಗಡೆಯನ್ನು ಬಿಟ್ಟು, ಪಥವನ್ನು 3.25ಕ್ಕೆ ಇಳಿಸಿ, ಪಾದಚಾರಿ ಮಾರ್ಗವನ್ನು ಎರಡೆರಡು ಮೀಟರ್ ಮಾಡಿ, ವಿಭಜಕದ ಬದಲು ತೆಳುವಾದ ಕಲ್ಲಿನ ಸಾಲು ಇಟ್ಟರೆ 18 ಮೀಟರ್ ಸಾಕು. ಪಾದಚಾರಿ ಮಾರ್ಗಕ್ಕೆ, ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಕನಿಷ್ಠ ಅಗಲ 1.8 ಮೀಟರ್. ಅದಕ್ಕೂ ಚ್ಯುತಿ ಇಲ್ಲ, ನಾಲ್ಕು ಪಥಗಳೂ ಉಳಿಯುತ್ತವೆ, ಅಂಗಡಿಗಳ ಮುಂಭಾಗ ಮಾತ್ರ ಹೋಗುತ್ತದೆ.

ಅಂದರೆ ಇಷ್ಟು ದಿನದ ಜಗಳ ನಡೆದದ್ದು ಕಾರು ನಿಲ್ಲಿಸುವ ಜಾಗಕ್ಕಾಗಿ. ಅಡ್ಡಸೀಳಿನ ನಕ್ಷೆಯನ್ನು ಆವರೆಗೆ ಯಾರೂ ಕೇಳಿರಲಿಲ್ಲ. 24 ಎಂಬ ಒಂದು ಸಂಖ್ಯೆಯನ್ನು ಎರಡೂ ಪಕ್ಷದವರು ಒಡೆಯಲಾಗದ ಕಲ್ಲೆಂದು ಒಪ್ಪಿಕೊಂಡಿದ್ದರು.

ಜಂಟಿ ಪರಿಶೀಲನೆಯ ದಿನ

ಮೇಲಧಿಕಾರಿಗಳು ಒಪ್ಪಿದರು. ಬದಲಾದ ರೇಖೆಯನ್ನು ನೆಲದ ಮೇಲೆ ಗುರುತಿಸಲು ಕಂದಾಯ, ರಸ್ತೆ, ಅರಣ್ಯ ವಿಭಾಗದವರು ಸಮಿತಿಯೊಂದಿಗೆ ಜಂಟಿ ಸ್ಥಳ ಪರಿಶೀಲನೆಗೆ ಬಂದರು. ಎಲ್ಲರ ಮುಖದಲ್ಲೂ ಗೆಲುವಿನ ಕಳೆ ಇತ್ತು ಎಂದು ಫೋಟೋಗಳೇ ಹೇಳುತ್ತವೆ.

ಹಿಂದೆ ನೀರುಗಂಟಿಯಾಗಿದ್ದ ಮನೆತನದ ಅಜ್ಜಿಯೊಬ್ಬರು ಅಲ್ಲಿದ್ದರು. ಕೆರೆ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು ಅವರ ಮಾವನ ಕೆಲಸವಾಗಿತ್ತು. ಅವರು ರಸ್ತೆಯ ಆ ಬದಿಗೆ ಕೈ ತೋರಿಸಿ, "ಅಲ್ಲಿ ಚಪ್ಪಡಿ ಕೆಳಗೆ ಕಾಲುವೆ ಇದೆಯಪ್ಪ, ಅದನ್ನು ಮುಚ್ಚಬೇಡಿ. ಅದು ಮುಚ್ಚಿದರೆ ಈ ಕಲ್ಯಾಣಿ ಹೆಸರಿಗೆ ಮಾತ್ರ" ಎಂದರು. ಭೂಮಾಪಕರು ಗ್ರಾಮ ನಕ್ಷೆ ಬಿಡಿಸಿ ನೋಡಿದರು. ಕಲ್ಯಾಣಿ ಚೌಕವಾಗಿ ಇತ್ತು, ತೋಪು ಖರಾಬು ಜಮೀನಾಗಿ ಇತ್ತು, ನಡುವೆ ಯಾವ ಗೆರೆಯೂ ಇರಲಿಲ್ಲ. "ನಕ್ಷೆಯಲ್ಲಿ ಇಲ್ಲವಲ್ಲ ಅಜ್ಜಿ" ಎಂದರು.

ಮಹಜರಿನ ಪ್ರತಿ ನನ್ನ ಮುಂದಿದೆ. ಕಟ್ಟೆಯ ಉದ್ದಗಲ, ನಾಗರಕಲ್ಲುಗಳ ಸಂಖ್ಯೆ, ಕಲ್ಯಾಣಿಯ ನಾಲ್ಕು ಮೂಲೆಗಳಿಂದ ರಸ್ತೆಗೆ ಇರುವ ದೂರ, ಮರಗಳ ಸುತ್ತಳತೆ ಎಲ್ಲವೂ ಇದೆ. ಅಜ್ಜಿಯ ಮಾತು ಇಲ್ಲ. ಕೆಳಗೆ ಎಲ್ಲರೂ ಸಹಿ ಹಾಕಿದ್ದಾರೆ, ಸಮಿತಿಯವರೂ. ಅಷ್ಟು ದೊಡ್ಡದು ಕೈಗೆ ಸಿಕ್ಕಿರುವಾಗ ಒಂದು ಮೋರಿಗಾಗಿ ಮತ್ತೆ ತಕರಾರು ಎತ್ತಿ ಕೆಲಸ ಕೆಡಿಸಿಕೊಳ್ಳುವುದು ಬೇಡ ಎನಿಸಿತು ಎಂದು ಒಬ್ಬರು ವಿವರಿಸಿದರು. ಆ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಆದರೂ ಎರಡನೆಯ ತಿರುವು ಇದೇ, ಮೊದಲನೆಯದಕ್ಕಿಂತ ದುಬಾರಿಯಾದದ್ದು.

ಆದದ್ದು

ರಸ್ತೆ ಆಯಿತು. ತಿರುವಿನಲ್ಲಿ ಈಗ ಬಸ್ಸುಗಳು ನಿಲ್ಲದೆ ಹೋಗುತ್ತವೆ. ಕಟ್ಟೆ ಇದ್ದಲ್ಲೇ ಇದೆ.

ವೀರಗಲ್ಲನ್ನು ಮುಳುಗದಂತೆ ಎತ್ತಿ ನಿಲ್ಲಿಸಲು ಅಗೆದಾಗ, ಅಲ್ಲಿಯವರೆಗೆ ಮಣ್ಣಿನಲ್ಲಿದ್ದ ಕೆಳಗಿನ ಹಂತ ಹೊರಬಂತು. ಬಿಲ್ಲು ಹಿಡಿದ ವೀರ, ಅವನ ಹಿಂದೆ ಒಂದರ ಬೆನ್ನಿಗೊಂದು ಕೊರೆದ ದನಗಳು. ಮೇಲೆ ಅಪ್ಸರೆಯರು ಅವನನ್ನು ಹೊತ್ತೊಯ್ಯುತ್ತಿದ್ದಾರೆ, ಅದರ ಮೇಲೆ ಲಿಂಗದ ಮುಂದೆ ಕುಳಿತಿದ್ದಾನೆ. ತುರುಗೋಳಿನಲ್ಲಿ ಊರಿನ ದನ ಬಿಡಿಸಲು ಹೋಗಿ ಸತ್ತವನು ಎಂದು ಅಂದು ಊರಿಗೆ ಗೊತ್ತಾಯಿತು. ಆ ಸಂಭ್ರಮದಲ್ಲಿ ಸ್ಥಳೀಯ ಮುಖಂಡರೊಬ್ಬರು ಮಂಟಪ ಕಟ್ಟಿಸಿದರು. ಹೊಳೆಯುವ ಗ್ರಾನೈಟ್, ಸ್ನಾನದ ಮನೆಗೆ ಹಾಕುವಂತಹ ಟೈಲ್ಸ್, ಕಲ್ಲಿಗೆ ಬೆಳ್ಳಿ ಬಣ್ಣದ ಎನಾಮಲ್. ಮೂರು ಪದರ ಬಣ್ಣದ ಕೆಳಗೆ ದನಗಳ ಕೊಂಬುಗಳು ಈಗ ಕಾಣುವುದಿಲ್ಲ. ಕಲ್ಲನ್ನು ಉಳಿಸುವ ಒಪ್ಪಂದದಲ್ಲಿ ಉಳಿದ ಮೇಲೆ ಅದನ್ನು ಯಾರು, ಹೇಗೆ ನೋಡಿಕೊಳ್ಳಬೇಕು ಎಂಬ ಒಂದು ಸಾಲೂ ಇರಲಿಲ್ಲ. ಎಣ್ಣೆ, ಕುಂಕುಮದಿಂದ ಶತಮಾನಗಳಲ್ಲಿ ಆಗದ ಹಾನಿ ಒಂದು ಮಧ್ಯಾಹ್ನದ ಅಭಿಮಾನದಿಂದ ಆಯಿತು.

ತೋಪಿನ ಅಂಚಿನ ಕೆಲವು ಮರಗಳನ್ನು ಬುಡದ ಮಣ್ಣಿನ ಹೆಂಟೆ ಸಮೇತ ಕಿತ್ತು ಬೇರೆಡೆ ನೆಟ್ಟರು. ಅರಳಿ, ಅತ್ತಿ ಚಿಗುರಿದವು. ಆ ಜಾತಿಯ ಮರಗಳಿಗೆ ಕೊಂಬೆ ನೆಟ್ಟರೂ ಬೇರೊಡೆಯುವ ಗುಣವಿದೆ. ಆಳಕ್ಕೆ ಬೇರಿಳಿಸಿದ್ದ ಮುದಿ ಹುಣಸೆಗಳಲ್ಲಿ ಒಂದೂ ಬದುಕಲಿಲ್ಲ. ಯಾವ ಮರ ಸ್ಥಳಾಂತರ ತಾಳುತ್ತದೆ ಎಂಬುದು ಮೊದಲೇ ತಿಳಿದಿರುವ ಸಂಗತಿ. ಪಟ್ಟಿಯಲ್ಲಿ ಮಾತ್ರ ಎಲ್ಲವನ್ನೂ ಒಂದೇ ಕಲಂನಲ್ಲಿ "ಸ್ಥಳಾಂತರ" ಎಂದು ಬರೆಯಲಾಗಿತ್ತು, ಆ ಪದ ಓದಿದವರು ಉಳಿಯಿತು ಎಂದುಕೊಂಡರು.

ಮಳೆಗಾಲ ಬಂತು. ಮೊದಲೆಲ್ಲ ಗಣೇಶನ ಹಬ್ಬದ ಹೊತ್ತಿಗೆ ಮೇಲಿನ ಮೂರು ಮೆಟ್ಟಿಲು ಮಾತ್ರ ಬಿಟ್ಟು ತುಂಬುತ್ತಿದ್ದ ಕಲ್ಯಾಣಿಯಲ್ಲಿ ಈ ಬಾರಿ ತಳದ ಕೆಸರಷ್ಟೇ. ಮಟ್ಟ ಹಿಡಿದಾಗ ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊಸ ರಸ್ತೆಯ ಬದಿಗೆ ಹಾಕಿದ ಕಾಂಕ್ರೀಟ್ ಪೆಟ್ಟಿಗೆ ಚರಂಡಿ ಕಿರುಗಾಲುವೆಯನ್ನು ಅಡ್ಡಲಾಗಿ ಕತ್ತರಿಸಿತ್ತು. ಚರಂಡಿಯ ತಳ ಕಲ್ಯಾಣಿಯ ನೀರಿನ ಬಾಯಿಗಿಂತ ಕೆಳಗಿತ್ತು. ತೋಪಿನ ಹನಿ ಹನಿಯೂ ಚರಂಡಿಗೆ ಬಿದ್ದು, ಕೊಳಚೆಯೊಂದಿಗೆ ಬೆರೆತು, ನೇರವಾಗಿ ಕೆರೆಗೆ ಹೋಗುತ್ತಿತ್ತು. ಅಂದರೆ ಕಲ್ಯಾಣಿ ಒಣಗಿದ್ದರ ಜೊತೆಗೆ ಕೆರೆಗೂ ಕೊಳೆ ನೀರು ಸೇರಿತ್ತು.

ಆಮೇಲೆ ಹುಡುಕಿದಾಗ ಕಾಲುವೆಯ ದಾಖಲೆಯೂ ಸಿಕ್ಕಿತು. ಗ್ರಾಮ ನಕ್ಷೆಯಲ್ಲಿ ಇಲ್ಲದ ಗೆರೆ, ಪಕ್ಕದ ಸರ್ವೆ ನಂಬರಿನ ಮೂಲ ಟಿಪ್ಪಣಿಯಲ್ಲಿ, ಅಂದರೆ ಅಳತೆಯ ವೇಳೆ ಬರೆದ ಕೈನಕ್ಷೆಯಲ್ಲಿ, ಚುಕ್ಕೆ ಚುಕ್ಕೆಯಾಗಿ ಇತ್ತು. ಜಂಟಿ ಪರಿಶೀಲನೆಯ ದಿನ ಯಾರಾದರೂ ಅದನ್ನು ತರಿಸಿದ್ದರೆ, ಚರಂಡಿ ಹಾಕುವ ಮೊದಲೇ ಅಲ್ಲೊಂದು ಅಡ್ಡ ಕೊಳವೆಗೆ ಜಾಗ ಬಿಡಬಹುದಿತ್ತು. ಇಡೀ ರಸ್ತೆಯ ಅಂದಾಜಿನಲ್ಲಿ ಅದರ ಖರ್ಚು ಲೆಕ್ಕಕ್ಕೇ ಬರುತ್ತಿರಲಿಲ್ಲ. ಈಗ ಡಾಂಬರು ಕತ್ತರಿಸಬೇಕು, ಚರಂಡಿಯ ಮೇಲ್ಚಪ್ಪಡಿಯ ಮೇಲೆ ಕೊಳವೆ ಹಾಯಿಸಬೇಕು, ತೋಪಿನ ಬದಿಯಲ್ಲಿ ಹೂಳು ನಿಲ್ಲುವ ಗುಂಡಿ ಕಟ್ಟಬೇಕು. ರಸ್ತೆಯ ಎಣ್ಣೆ ನೀರು ಕಲ್ಯಾಣಿಗೆ ಸೇರದಂತೆ ಎರಡನ್ನೂ ಬೇರೆಯಾಗಿಯೇ ಇಡಬೇಕು. ಗುತ್ತಿಗೆಯ ಲೆಕ್ಕ ಮುಗಿದಿರುವುದರಿಂದ ಇದು ಹೊಸ ಕಾಮಗಾರಿ, ಹೊಸ ಅಂದಾಜು, ಹೊಸ ಮಂಜೂರಾತಿ. ಕಡತ ಓಡಾಡುತ್ತಿದೆ.

ಬೇರೆ ಊರಿನವರು ನೋಡಬೇಕಾದದ್ದು

ಈ ಸಮಿತಿಯ ಕೆಲಸವನ್ನು ನಾನು ಸೋಲು ಎನ್ನುವುದಿಲ್ಲ. ರಸ್ತೆ, ಕಟ್ಟೆ, ಅಂಗಡಿ ಮೂರೂ ಉಳಿದ ಉದಾಹರಣೆಗಳು ಈ ನಗರದಲ್ಲಿ ಹೆಚ್ಚಿಲ್ಲ. ಅವರು ಅಗಲದ ಸಂಖ್ಯೆಯನ್ನು ಒಡೆದು ನೋಡಿದ್ದು, ಎರಡು ಮರಪಟ್ಟಿಗಳನ್ನು ಕೂಡಿಸಿದ್ದು, ಯಾವ ಊರಿನವರೂ ಮಾಡಬಹುದಾದ ಕೆಲಸ.

ಆದರೆ ಕಲ್ಲು, ಮರ, ನೀರು ಮೂರು ವಿಭಾಗಗಳ ಮೇಜಿಗೆ ಹಂಚಿಹೋದಾಗ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಯಾರ ಮೇಜಿಗೂ ಸೇರುವುದಿಲ್ಲ. ಆ ದಾರಿಯನ್ನು ತಿಳಿದವರು ಊರಿನಲ್ಲಿ ಇರುತ್ತಾರೆ. ಅವರ ಮಾತು ಮಹಜರಿಗೆ ಇಳಿಯಬೇಕು. ಅಧಿಕಾರಿ ಒಪ್ಪದಿದ್ದರೆ "ಹೀಗೆಂದು ಹೇಳಿದರು, ದಾಖಲೆ ಪರಿಶೀಲಿಸಬೇಕು" ಎಂದಾದರೂ ಬರೆಸಿಯೇ ಸಹಿ ಹಾಕಬೇಕು. ಗ್ರಾಮ ನಕ್ಷೆಯೊಂದನ್ನೇ ನಂಬದೆ ಸುತ್ತಲಿನ ಸರ್ವೆ ನಂಬರುಗಳ ಮೂಲ ಟಿಪ್ಪಣಿಗಳನ್ನೂ ಪಡೆಯಬೇಕು. ಮತ್ತು ಇದೆಲ್ಲ ಆಗಬೇಕಾದದ್ದು ಟೆಂಡರ್ ಕರೆಯುವ ಮೊದಲು, ಅಂದಾಜು ಪಟ್ಟಿಯಲ್ಲಿ ಇನ್ನೂ ಒಂದು ಸಾಲು ಸೇರಿಸಲು ಜಾಗವಿರುವಾಗ.

ಇದೇ ರಸ್ತೆಯ ಮುಂದಿನ ಭಾಗ ಪಕ್ಕದ ಊರಿನ ಮೂಲಕ ಹೋಗಲಿದ್ದು, ಅಂದಾಜು ತಯಾರಾಗುತ್ತಿದೆ. ಅಲ್ಲಿಯೂ ಒಂದು ತೋಪು, ಒಂದು ಕುಂಟೆ ಇವೆ. ಗಿರಣಿಯ ಆ ಹೆಂಗಸು ಅಲ್ಲಿಯ ಸ್ತ್ರೀಶಕ್ತಿ ಸಂಘದವರನ್ನು ಕರೆದುಕೊಂಡು ಭೂದಾಖಲೆ ಕಚೇರಿಗೆ ಹೋಗಿ ಟಿಪ್ಪಣಿ ಪ್ರತಿಗಳಿಗೆ ಅರ್ಜಿ ಕೊಟ್ಟು ಬಂದಿದ್ದಾರೆ. ಕಾಲುವೆ ಹಾದುಹೋಗುವ ಜಾಗಗಳಿಗೆ ಭೂಮಾಪಕರಿಂದ ಗುರುತು ಕಲ್ಲು ಹಾಕಿಸಲು ಶುಲ್ಕವನ್ನೂ ಕಟ್ಟಿದ್ದಾರೆ.